ತಪ್ಪು ಯಾರದು, ಮಗು ಯಾರದು?

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ತಾಯಿ ಉಳಿದುಕೊಂಡಳೇ ಎಂಬುದು ಮೊದಲ ಪ್ರಶ್ನೆ. ಕೂಸು ಅತ್ತಿತೇ ಎಂಬುದು ಎರಡನೆಯದು. ಆ ಅಳು ಕೇಳಿಸಿದೊಡನೆ ಹೊರಗೆ ಕಾದು ಕುಳಿತವರ ಎದೆ ಹಗುರಾಗುತ್ತದೆ. ಆದರೆ ಅಳಬೇಕಾದ ಗಳಿಗೆಯಲ್ಲಿ ಅಳದ ಕೂಸುಗಳೂ ಇವೆ. ಕೆಲವೇ ನಿಮಿಷ ಪ್ರಾಣವಾಯು ಸಾಲದೆ ಹೋದುದರಿಂದ, ಅಥವಾ ಹೊರಬರುವಾಗ ಆದ ಪೆಟ್ಟಿನಿಂದ, ಬದುಕಿನುದ್ದಕ್ಕೂ ಕೈಕಾಲು ಸ್ವಾಧೀನಕ್ಕೆ ಬಾರದ, ಮಾತು ಹೊರಳದ ಮಕ್ಕಳು ಬಹುಶಃ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. ಭಾನುವಾರದ ಪೂಜೆಗೆ ಕೆಲವರನ್ನು ತಂದೆತಾಯಿ ಎತ್ತಿಕೊಂಡು ಬರುತ್ತಾರೆ. ಇನ್ನು ಕೆಲವರು ಮನೆಯಲ್ಲೇ ಉಳಿಯುತ್ತಾರೆ.

ಅಂಥ ಮನೆಗಳಲ್ಲಿ ಒಂದು ಪ್ರಶ್ನೆ ಬಹುಕಾಲ ಉಳಿದಿರುತ್ತದೆ: ಇದು ಯಾರ ತಪ್ಪು? ಈ ಪ್ರಶ್ನೆ ಮನೆಯಿಂದ ಹೊರಟು ನ್ಯಾಯಾಲಯದ ಮೆಟ್ಟಿಲೇರಿದುದು ಹೇಗೆ, ಅಲ್ಲಿ ಅದಕ್ಕೆ ದೊರೆತ ಉತ್ತರವೇನು, ಆ ಉತ್ತರದಿಂದ ಮಗುವಿಗೆ ಆದ ಪ್ರಯೋಜನವೆಷ್ಟು ಎಂಬ ಇತಿಹಾಸ ಅಷ್ಟೇನೂ ಹಳೆಯದಲ್ಲ.

ಮಗುವಿನ ಅಂಗವೈಕಲ್ಯಕ್ಕೂ ಹೆರಿಗೆಯ ಕಷ್ಟಕ್ಕೂ ಸಂಬಂಧವಿರಬಹುದೆಂದು ವೈದ್ಯಲೋಕದ ಮುಂದೆ ಸವಿಸ್ತಾರವಾಗಿ ವಾದಿಸಿದವರು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟ್ಲ್. ಬಾಲ್ಯದ ಕಾಯಿಲೆಯಿಂದ ಅವರ ಪಾದವೇ ಸೊಟ್ಟಗಾಗಿತ್ತು. ಜರ್ಮನಿಯ ಹ್ಯಾನೋವರಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರು ಅವರು. ಕುಂಟುವುದೆಂದರೇನೆಂದು ತಿಳಿದಿದ್ದ ಮನುಷ್ಯ. 1861ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದ ಮುಂದೆ ಅವರು ಓದಿದ ಪ್ರಬಂಧ ಮರುವರ್ಷ ಅಚ್ಚಾಯಿತು. ಕಷ್ಟದ ಹೆರಿಗೆ, ದಿನ ತುಂಬುವ ಮುನ್ನ ಆದ ಹೆರಿಗೆ, ಹುಟ್ಟುವಾಗಿನ ಉಸಿರುಕಟ್ಟು ಇವು ಮಗುವಿನ ಮಿದುಳಿಗೆ ಹಾನಿಮಾಡಿ, ಮುಂದೆ ಸ್ನಾಯುಗಳ ಬಿಗಿತಕ್ಕೆ ಕಾರಣವಾಗಬಲ್ಲವು ಎಂಬುದು ಅವರ ವಾದ. ಬಹುಕಾಲ ಈ ಸ್ಥಿತಿಗೆ ಅವರ ಹೆಸರೇ ಇತ್ತು. ಇಂದು ನಾವು ಸೆರೆಬ್ರಲ್ ಪಾಲ್ಸಿ ಎನ್ನುತ್ತೇವೆ.

ಲಿಟ್ಲ್ ಅವರಿಗೆ ಎದುರಾಡಿದವರು ಬೇರೆ ಕಾರಣಕ್ಕೆ ಲೋಕಪ್ರಸಿದ್ಧರಾದ ಸಿಗ್ಮಂಡ್ ಫ್ರಾಯ್ಡ್. ಮನೋವಿಶ್ಲೇಷಣೆಗೆ ತೊಡಗುವ ಮುನ್ನ ಅವರು ನರರೋಗಗಳ ವೈದ್ಯರಾಗಿದ್ದರು. 1897ರ ತಮ್ಮ ಗ್ರಂಥದಲ್ಲಿ ಅವರು ಪ್ರಶ್ನೆಯನ್ನು ತಿರುವಿ ಹಾಕಿದರು. ಹೆರಿಗೆ ಕಷ್ಟವಾದುದರಿಂದ ಮಗುವಿಗೆ ಹಾನಿಯಾಯಿತೋ, ಅಥವಾ ಗರ್ಭದಲ್ಲೇ ಮಗುವಿನ ಬೆಳವಣಿಗೆಯಲ್ಲಿ ಏನೋ ಏರುಪೇರಾಗಿದ್ದುದರಿಂದ ಹೆರಿಗೆ ಕಷ್ಟವಾಯಿತೋ? ಆಗ ಇದನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದೆ ಈ ಒಂದೇ ಪ್ರಶ್ನೆಯ ಸುತ್ತ ಕೋಟಿಗಟ್ಟಲೆ ಹಣದ ವ್ಯಾಜ್ಯಗಳು ನಡೆಯಲಿದ್ದವು.

ಈಗ 1970ರ ಜನವರಿ ತಿಂಗಳಿಗೆ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಬರೋಣ. ಐದಡಿಗೂ ಕಡಿಮೆ ಎತ್ತರದ ಒಬ್ಬ ತಾಯಿಗೆ ಚೊಚ್ಚಲ ಹೆರಿಗೆ. ಗಂಟೆಗಟ್ಟಲೆ ನೋವು ತಿಂದರೂ ಮಗು ಹೊರಬರಲಿಲ್ಲ. ಕರ್ತವ್ಯದಲ್ಲಿದ್ದ ಹಿರಿಯ ರಿಜಿಸ್ಟ್ರಾರ್ ವೈದ್ಯರು ಫೋರ್ಸೆಪ್ಸ್ ಹಾಕಿ ಎಳೆದು ನೋಡಲು ನಿರ್ಧರಿಸಿದರು.

ಫೋರ್ಸೆಪ್ಸ್ ಎಂದರೆ ಮಗುವಿನ ತಲೆಯನ್ನು ಹಿಡಿದು ಹೊರತರುವ ಇಕ್ಕಳದಂಥ ಸಾಧನ. ಅದರ ಹಿಂದಿನ ಕತೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಚೇಂಬರ್ಲೆನ್ ಎಂಬ ಕುಟುಂಬದವರು ಇದನ್ನು ರೂಪಿಸಿದರು. ರೂಪಿಸಿ, ನೂರು ವರ್ಷಕ್ಕೂ ಮಿಕ್ಕಿ ಮನೆತನದ ಗುಟ್ಟಾಗಿ ಉಳಿಸಿಕೊಂಡರು. ಅವರ ಹಳೆಯ ಸಾಧನಗಳು 1813ರಲ್ಲಿ ಎಸೆಕ್ಸ್ ಪ್ರಾಂತ್ಯದ ಮನೆಯೊಂದರ ನೆಲಹಾಸಿನ ಹಲಗೆಯಡಿ ಸಿಕ್ಕವು. ಎಷ್ಟು ತಾಯಂದಿರನ್ನು ಉಳಿಸಬಹುದಾಗಿದ್ದ ವಿದ್ಯೆ, ಎಷ್ಟು ಕಾಲ ಪೆಟ್ಟಿಗೆಯೊಳಗಿತ್ತು! ಹೆರಿಗೆ ಕೋಣೆಯಲ್ಲಿ ತಿಳಿದವರು ತಿಳಿಯದವರಿಂದ ಮುಚ್ಚಿಡುವ ಅಭ್ಯಾಸ ಬಹಳ ಹಿಂದಿನದು. ಈ ಮಾತು ಮುಂದೆ ಮತ್ತೊಮ್ಮೆ ಬರುತ್ತದೆ.

ಬರ್ಮಿಂಗ್‌ಹ್ಯಾಮಿನ ಆ ವೈದ್ಯರು ಐದಾರು ಸಲ ಎಳೆದರು. ಮಗು ಬರಲಿಲ್ಲ. ಕೂಡಲೇ ಸಿಸೇರಿಯನ್ ಶಸ್ತ್ರಚಿಕಿತ್ಸೆ ಮಾಡಿ ಮಗುವನ್ನು ಹೊರತೆಗೆದರು. ಆ ಶಸ್ತ್ರಚಿಕಿತ್ಸೆಯಲ್ಲಿ ಯಾರೂ ದೋಷ ಕಾಣಲಿಲ್ಲ. ಆದರೆ ಗಂಡುಮಗುವಿನ ಮಿದುಳಿಗೆ ತೀವ್ರ ಹಾನಿಯಾಗಿತ್ತು.

ತಾಯಿಯ ಮೂಲಕ ಮಗು ಹೂಡಿದ ದಾವೆ ಕಾನೂನಿನ ಪುಸ್ತಕಗಳಲ್ಲಿ ‘ವೈಟ್‌ಹೌಸ್ ವಿರುದ್ಧ ಜೋರ್ಡನ್’ ಎಂದು ಪ್ರಸಿದ್ಧವಾಗಿದೆ. ವೈದ್ಯರು ಹೆಚ್ಚು ಹೊತ್ತು, ಹೆಚ್ಚು ಬಲದಿಂದ ಎಳೆದರು ಎಂಬುದು ಆರೋಪ. ಎಳೆದ ರಭಸಕ್ಕೆ ತನ್ನ ಸೊಂಟವೇ ಮೇಜಿನಿಂದ ಮೇಲೆದ್ದಿತೆಂದು ತಾಯಿ ಸಾಕ್ಷ್ಯ ನುಡಿದರು. ವಿಚಾರಣಾ ನ್ಯಾಯಾಧೀಶರು ಆ ಮಾತನ್ನು ಅಕ್ಷರಶಃ ಒಪ್ಪಲಿಲ್ಲ. ಆದರೂ ಅದರ ಹಿಂದೆ ಒಂದು ನಿಜವಿದೆಯೆಂದು ಭಾವಿಸಿ, ವೈದ್ಯರು ನಿರ್ಲಕ್ಷ್ಯ ತೋರಿದ್ದಾರೆಂದು ತೀರ್ಮಾನಿಸಿ, 1,00,000 ಪೌಂಡು ಪರಿಹಾರ ವಿಧಿಸಿದರು. ಮೇಲ್ಮನವಿ ನ್ಯಾಯಾಲಯ ಇಬ್ಬರ ಎದುರು ಒಬ್ಬರ ಮತದಿಂದ ಅದನ್ನು ರದ್ದುಮಾಡಿತು. ಆ ಪೀಠದಲ್ಲಿದ್ದ ಲಾರ್ಡ್ ಡೆನ್ನಿಂಗ್, ವೈದ್ಯರನ್ನು ಹೀಗೆ ಹೊಣೆಗಾರರನ್ನಾಗಿ ಮಾಡುತ್ತ ಹೋದರೆ ಅಮೆರಿಕದಲ್ಲಾದಂತೆ ಇಲ್ಲಿಯೂ ಆಗುತ್ತದೆಂದು ಎಚ್ಚರಿಸಿದರು; ವೈದ್ಯರ ವಿವೇಚನೆಯಲ್ಲಿ ಆದ ಎಡವಟ್ಟು ನಿರ್ಲಕ್ಷ್ಯವಲ್ಲ ಎಂದೂ ಹೇಳಿದರು. 1980ರ ಡಿಸೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಡೆನ್ನಿಂಗರ ಈ ಕೊನೆಯ ಮಾತನ್ನು ತಿದ್ದಿತು. ಎಡವಟ್ಟು ಕೆಲವೊಮ್ಮೆ ನಿರ್ಲಕ್ಷ್ಯವಾಗಿರಬಹುದು, ಕೆಲವೊಮ್ಮೆ ಆಗಿರಲಾರದು. ಸಮರ್ಥನಾದ ವೈದ್ಯನು ಎಚ್ಚರದಿಂದಿದ್ದರೂ ಅದನ್ನು ಮಾಡುತ್ತಿದ್ದನೇ ಎಂಬುದನ್ನು ನೋಡಬೇಕು ಎಂದಿತು. ಆದರೆ ತೀರ್ಪು ಮಾತ್ರ ವೈದ್ಯರ ಪರವಾಗಿಯೇ ಉಳಿಯಿತು.

ಆಗ ಹುಡುಗನಿಗೆ ಹನ್ನೊಂದು ತುಂಬುತ್ತಿತ್ತು. ಪರಿಹಾರವೆಂದು ಅವನ ಕೈಗೆ ಒಂದು ಪೌಂಡೂ ಬರಲಿಲ್ಲ.

ಈ ತೀರ್ಪು ಅನ್ಯಾಯವೆಂದು ನಾನು ಹೇಳಲಾರೆ. ನಡುರಾತ್ರಿಯ ಹೆರಿಗೆ ಕೋಣೆಯಲ್ಲಿ, ಕ್ಷಣಕ್ಷಣಕ್ಕೂ ನಿರ್ಧಾರ ಮಾಡಬೇಕಾದವರ ಕೈಯನ್ನು ವರ್ಷಗಳ ನಂತರ ಹಗಲು ಬೆಳಕಿನಲ್ಲಿ ಕುಳಿತು ಅಳೆಯುವುದು ಸುಲಭದ ಕೆಲಸವಲ್ಲ. ವೈದ್ಯರ ಸ್ಥಾನದಲ್ಲಿ ನಿಂತು ನೋಡಿದರೆ ನ್ಯಾಯಾಲಯ ಸರಿಯಾಗಿಯೇ ನಡೆದುಕೊಂಡಿರಬಹುದು. ಆದರೆ ಮಗುವಿನ ಸ್ಥಾನದಲ್ಲಿ ನಿಂತವರಿಗೆ ಬೇರೊಂದು ಕಾಣುತ್ತದೆ. ವೈದ್ಯರು ತಪ್ಪು ಮಾಡಿದ್ದರೂ ಮಾಡದಿದ್ದರೂ ಆ ಹುಡುಗನನ್ನು ಎತ್ತಿ ಕೂರಿಸಬೇಕು, ಉಣ್ಣಿಸಬೇಕು, ತೊಳೆಯಬೇಕು. ಅವನ ಅಗತ್ಯದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಾನೂನು ಮಾತ್ರ ಅವನ ಅಗತ್ಯದ ಬಾಗಿಲಿಗೆ ಬೇರೊಬ್ಬರ ತಪ್ಪಿನ ಬೀಗ ಹಾಕಿಟ್ಟಿತ್ತು.

ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯ ಓದುಗರಿಗೆ ಇಲ್ಲಿ ನೆನಪಾಗದಿರದು. ಹುಟ್ಟುಗುರುಡನನ್ನು ಕಂಡ ಶಿಷ್ಯರು ಮೊದಲು ಕೇಳಿದ್ದು ಪಾಪ ಯಾರದೆಂದು; ಅವನದೋ, ಅವನನ್ನು ಹೆತ್ತವರದೋ? ಪ್ರಭು ಆ ಎರಡು ಉತ್ತರಗಳನ್ನೂ ತಳ್ಳಿಹಾಕಿ, ಮಣ್ಣನ್ನು ಕಲಸಿ ಆತನ ಕಣ್ಣಿಗೆ ಹಚ್ಚಿದರು. ಶಿಷ್ಯರ ಪ್ರಶ್ನೆ ಕೆಟ್ಟದ್ದೇನೂ ಅಲ್ಲ, ಮನುಷ್ಯ ಸಹಜವಾದದ್ದು. ಹೆರಿಗೆ ಕೋಣೆಯಲ್ಲಿ ಏನು ನಡೆಯಿತೆಂದು ತಿಳಿಯುವ ಹಕ್ಕು ಹೆತ್ತವರಿಗೆ ಇದ್ದೇ ಇದೆ. ಅದು ತಿಳಿದರೆ ತಾನೇ ಮುಂದಿನ ತಾಯಿಗೆ ರಕ್ಷಣೆ? ಕಷ್ಟವೇನೆಂದರೆ, ಆ ಪ್ರಶ್ನೆಯ ಉತ್ತರ ಸಿಗುವವರೆಗೆ ಮಣ್ಣನ್ನು ಕಲಸಲು ಯಾರೂ ಮುಂದೆ ಬಾರದಿರುವುದು.

ವೈಟ್‌ಹೌಸ್ ಪ್ರಕರಣದ ಕಾಲಕ್ಕೆ ಇಂಗ್ಲೆಂಡಿನ ನ್ಯಾಯಾಲಯಗಳು ಹಿಡಿದಿದ್ದ ಅಳತೆಗೋಲು 1957ರ ಬೋಲಂ ಎಂಬ ಮೊಕದ್ದಮೆಯದು. ಬಲ್ಲ ವೈದ್ಯರ ಒಂದು ಹೊಣೆಯುಳ್ಳ ಸಮೂಹ ಸರಿಯೆಂದು ಒಪ್ಪುವ ರೀತಿಯಲ್ಲಿ ಒಬ್ಬ ವೈದ್ಯ ನಡೆದುಕೊಂಡಿದ್ದರೆ ಅವನು ನಿರ್ಲಕ್ಷ್ಯ ತೋರಿದನೆಂದು ಹೇಳಲಾಗದು. ಇದು ಒಳ್ಳೆಯ ನಿಯಮವೇ. ಆದರೆ ವೈದ್ಯರನ್ನು ಅಳೆಯುವವರು ವೈದ್ಯರೇ ಆದರು; ಹೆರುವವಳ ಮಾತಿಗೆ ಅದರಲ್ಲಿ ಸ್ಥಳವಿರಲಿಲ್ಲ.

ಆ ಸ್ಥಳವನ್ನು ದೊರಕಿಸಿಕೊಟ್ಟವರು ಸ್ಕಾಟ್ಲೆಂಡಿನ ಇನ್ನೊಬ್ಬ ತಾಯಿ. ಇವರೂ ಕುಳ್ಳಗಿದ್ದವರು, ಜೊತೆಗೆ ಸಕ್ಕರೆ ಕಾಯಿಲೆ. ಅಂಥ ತಾಯಂದಿರ ಮಕ್ಕಳು ಗರ್ಭದಲ್ಲಿ ದಪ್ಪಗೆ ಬೆಳೆಯುತ್ತವೆ. ತಲೆ ಹೊರಬಂದ ಮೇಲೆ ಭುಜಗಳು ಸಿಕ್ಕಿಕೊಳ್ಳುವ ಸಂಭವ ನೂರಕ್ಕೆ ಒಂಬತ್ತು ಹತ್ತರಷ್ಟಿರುತ್ತದೆ. ಮಗು ದೊಡ್ಡದಿದೆಯಲ್ಲ, ಸಹಜ ಹೆರಿಗೆಯಾದೀತೇ ಎಂದು ತಾಯಿ ತಮ್ಮ ಆತಂಕವನ್ನು ಹೇಳಿಕೊಂಡಿದ್ದರು. ವೈದ್ಯೆ ಈ ಅಪಾಯವನ್ನು ಅವರಿಗೆ ತಿಳಿಸಲಿಲ್ಲ. ಭುಜ ಸಿಕ್ಕಿದರೂ ಮಗುವಿಗೆ ತೀವ್ರ ಹಾನಿಯಾಗುವುದು ತೀರ ಅಪರೂಪ, ಹೇಳಿದರೆ ಎಲ್ಲ ತಾಯಂದಿರೂ ಸಿಸೇರಿಯನ್ ಬೇಕೆನ್ನುತ್ತಾರೆ ಎಂಬುದು ವೈದ್ಯೆ ಕೊಟ್ಟ ಕಾರಣ. 1999ರ ಅಕ್ಟೋಬರ್ 1ರಂದು ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಂಡಿತು. ತಲೆ ಕಂಡ ಮೇಲೆ ಪೂರ್ತಿ ಹೊರತೆಗೆಯಲು 12 ನಿಮಿಷ ಹಿಡಿಯಿತು. ಮಗುವಿಗೆ ಸೆರೆಬ್ರಲ್ ಪಾಲ್ಸಿಯಾಯಿತು, ಒಂದು ತೋಳಿನ ನರಗಳಿಗೂ ಪೆಟ್ಟಾಯಿತು.

ಸ್ಕಾಟ್ಲೆಂಡಿನ ಎರಡು ನ್ಯಾಯಾಲಯಗಳಲ್ಲಿ ತಾಯಿ ಸೋತರು. 2015ರ ಮಾರ್ಚಿನಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳು ಒಮ್ಮತದಿಂದ ಅವರ ಪರ ತೀರ್ಪು ನೀಡಿದರು. ‘ಮಾಂಟ್ಗೊಮರಿ’ ಹೆಸರಿನ ಈ ತೀರ್ಪಿನ ತಿರುಳು ಇಷ್ಟು: ರೋಗಿಗೆ ಏನನ್ನು ಹೇಳಬೇಕೆಂಬುದನ್ನು ವೈದ್ಯರ ವಾಡಿಕೆ ತೀರ್ಮಾನಿಸಲಾಗದು, ಆ ಸ್ಥಿತಿಯಲ್ಲಿರುವ ವ್ಯಕ್ತಿಗೆ ಯಾವುದು ಮುಖ್ಯವೆನಿಸಬಹುದೋ ಅದನ್ನೆಲ್ಲ ಹೇಳಲೇಬೇಕು. ಪರಿಹಾರದ ಮೊತ್ತ 52.5 ಲಕ್ಷ ಪೌಂಡು. ಆ ಹೊತ್ತಿಗೆ ಹುಡುಗನಿಗೆ ಹದಿನೈದು ವರ್ಷ. ಬರ್ಮಿಂಗ್‌ಹ್ಯಾಮಿನ ಪ್ರಕರಣದಲ್ಲಿ ಎಲ್ಲರ ದೃಷ್ಟಿ ವೈದ್ಯರ ಕೈ ಎಷ್ಟು ಬಲವಾಗಿ ಎಳೆಯಿತು ಎಂಬುದರ ಮೇಲಿತ್ತು. ಇಲ್ಲಿ ಕೈಯ ಪ್ರಶ್ನೆಯೇ ಅಲ್ಲ, ಬಾಯಿಯ ಪ್ರಶ್ನೆ. ಹೇಳಬೇಕಾದುದನ್ನು ಹೇಳದೆ ಇದ್ದುದರ ಪ್ರಶ್ನೆ. ಚೇಂಬರ್ಲೆನ್ನರ ಪೆಟ್ಟಿಗೆಯ ಮುಚ್ಚಳ ಅಂದು ಸ್ವಲ್ಪ ತೆರೆಯಿತೆನ್ನಬಹುದು.

ಇಷ್ಟರ ನಡುವೆ ಫ್ರಾಯ್ಡ್ ಎತ್ತಿದ್ದ ಹಳೆಯ ಸಂಶಯ ಮರಳಿ ಬಂದಿತ್ತು. 1980ರ ದಶಕದಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯಾಗಳಲ್ಲಿ ನಡೆದ ದೊಡ್ಡ ಅಧ್ಯಯನಗಳು, ಸೆರೆಬ್ರಲ್ ಪಾಲ್ಸಿಯ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮಾತ್ರ ಹೆರಿಗೆಯ ಹೊತ್ತಿನ ಉಸಿರುಕಟ್ಟು ಕಾರಣವೆನ್ನಬಹುದೆಂದು ತೋರಿಸಿದವು. ಮಿಕ್ಕವರಲ್ಲಿ ಕಾರಣ ಗರ್ಭದಲ್ಲೇ ಇರಬಹುದು, ಸೋಂಕಿರಬಹುದು, ದಿನ ತುಂಬದೆ ಹುಟ್ಟಿದುದಿರಬಹುದು. ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ಬರೆಯುವ ಯಂತ್ರಗಳು ಬಂದ ಮೇಲೆ ಅನಾಹುತಗಳೆಲ್ಲ ತಪ್ಪುತ್ತವೆಂದು ಜನ ನಂಬಿದ್ದರು. 1985ರಲ್ಲಿ ಪ್ರಕಟವಾದ, ಡಬ್ಲಿನ್ ನಗರದಲ್ಲಿ ಸುಮಾರು 13,000 ತಾಯಂದಿರ ಮೇಲೆ ನಡೆದ ಪ್ರಯೋಗ ಆ ನಂಬಿಕೆಯನ್ನು ಅಲುಗಾಡಿಸಿತು. ಹುಟ್ಟಿದ ಮಕ್ಕಳಿಗೆ ಬರುವ ಸೆಳವುಗಳು ಕಡಿಮೆಯಾದರೂ ಸೆರೆಬ್ರಲ್ ಪಾಲ್ಸಿ ಕಡಿಮೆಯಾಗಲಿಲ್ಲ. ಅಮೆರಿಕದಲ್ಲಿ 1970ರಲ್ಲಿ ನೂರಕ್ಕೆ ಐದರಷ್ಟಿದ್ದ ಸಿಸೇರಿಯನ್ ಹೆರಿಗೆಗಳು ನಲವತ್ತು ವರ್ಷಗಳಲ್ಲಿ ಮೂವತ್ತನ್ನು ದಾಟಿದವು. ಮೊಕದ್ದಮೆಯ ಭಯವೂ ಅದಕ್ಕೊಂದು ಕಾರಣವೆಂದು ಅಲ್ಲಿನ ವೈದ್ಯರೇ ಹೇಳುತ್ತಾರೆ.

ಹಾಗಾದರೆ ಆ ಹತ್ತರಲ್ಲಿ ಒಬ್ಬನಿಗೆ ಪರಿಹಾರ, ಉಳಿದ ಒಂಬತ್ತು ಮಂದಿಗೆ ಬರಿಗೈ ಎಂದಾಗುವುದೇ? ಈ ಪ್ರಶ್ನೆಗೆ ಕೆಲವು ನಾಡುಗಳು ಬೇರೆ ದಾರಿ ಹುಡುಕಿದವು. ನ್ಯೂಜಿಲೆಂಡ್ 1974ರಿಂದಲೇ ಅಪಘಾತದ ಗಾಯಗಳಿಗೆಲ್ಲ ತಪ್ಪು ಯಾರದೆಂದು ಕೇಳದೆ ನೆರವು ಕೊಡುವ ವ್ಯವಸ್ಥೆ ಮಾಡಿತು. ಅಮೆರಿಕದ ವರ್ಜೀನಿಯ 1987ರಲ್ಲಿ, ಫ್ಲಾರಿಡ 1988ರಲ್ಲಿ ಹೆರಿಗೆಯಲ್ಲಿ ಮಿದುಳಿಗೆ ಪೆಟ್ಟಾದ ಮಕ್ಕಳಿಗೆಂದೇ ನಿಧಿಯ ಕಾನೂನು ಮಾಡಿದವು. ಆದರೆ ಅವುಗಳ ಬಾಗಿಲು ಬಹಳ ಕಿರಿದು.

ಹೆಚ್ಚು ಯೋಚನೆಗೆ ಹಚ್ಚುವುದು ಜಪಾನಿನ ಉದಾಹರಣೆ. ಅಲ್ಲಿನ ಫುಕುಶಿಮಾ ಪ್ರಾಂತ್ಯದಲ್ಲಿ ಸಿಸೇರಿಯನ್ ಸಮಯದಲ್ಲಿ ತಾಯಿಯೊಬ್ಬಳು ತೀರಿಕೊಂಡುದಕ್ಕೆ 2006ರಲ್ಲಿ ವೈದ್ಯರನ್ನು ಬಂಧಿಸಲಾಯಿತು. 2008ರಲ್ಲಿ ಅವರು ನಿರ್ದೋಷಿಯೆಂದು ತೀರ್ಪಾಯಿತು. ಅಷ್ಟರಲ್ಲಿ ದೇಶದ ಪ್ರಸೂತಿ ವೈದ್ಯರ ಧೈರ್ಯ ಉಡುಗಿತ್ತು. 2009ರ ಜನವರಿಯಲ್ಲಿ ಜಾರಿಗೆ ಬಂದ ಯೋಜನೆಯಂತೆ, ಹೆರಿಗೆಗೆ ಸಂಬಂಧಿಸಿದ ತೀವ್ರ ಸೆರೆಬ್ರಲ್ ಪಾಲ್ಸಿಯಾದ ಮಗುವಿಗೆ, ತಪ್ಪು ಸಾಬೀತಾಗದಿದ್ದರೂ, ಇಪ್ಪತ್ತು ವರ್ಷಗಳ ಅವಧಿಯಲ್ಲಿ ಒಟ್ಟು 3 ಕೋಟಿ ಯೆನ್ ಸಲ್ಲುತ್ತದೆ. ಯೋಜನೆಯ ಎರಡನೆಯ ಭಾಗವೇ ನನಗೆ ಹೆಚ್ಚು ಹಿಡಿಸಿದ್ದು. ಪ್ರತಿಯೊಂದು ಪ್ರಕರಣವನ್ನೂ ತಜ್ಞರು ಪರಿಶೀಲಿಸಿ, ಏನು ನಡೆಯಿತೆಂಬ ವರದಿಯನ್ನು ಹೆತ್ತವರಿಗೂ ಆಸ್ಪತ್ರೆಗೂ ಕೊಡುತ್ತಾರೆ. ಹೆಸರುಗಳನ್ನು ಮರೆಮಾಡಿದ ಸಾರಾಂಶ ಎಲ್ಲರಿಗೂ ಪಾಠವಾಗುತ್ತದೆ. ಅಂದರೆ ಹಣವೂ ಸತ್ಯವೂ ಒಂದನ್ನೊಂದು ಕಾಯದೆ ಬೇರೆ ಬೇರೆ ಬಾಗಿಲಿನಿಂದ ಬರುತ್ತವೆ.

ನಮ್ಮ ದೇಶದಲ್ಲಿ ಈ ಇತಿಹಾಸದ ಮುಖ್ಯ ತಿರುವು 1995ರ ನವೆಂಬರಿನದು. ಭಾರತೀಯ ವೈದ್ಯಕೀಯ ಸಂಘ ಮತ್ತು ವಿ. ಪಿ. ಶಾಂತಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸಾರಿತು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಅದರ ಹೊರಗೆ. ಅಂಥಲ್ಲಿ ಹೆರುವ ಬಡತಾಯಿಗೆ ಉಳಿದದ್ದು ಸಿವಿಲ್ ನ್ಯಾಯಾಲಯದ ಉದ್ದನೆಯ ದಾರಿ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಗಳಲ್ಲಾದರೆ ಉಚಿತ ರೋಗಿಗೂ ದೂರು ಕೊಡುವ ಹಕ್ಕುಂಟು. ನಮ್ಮ ಮಿಷನ್ ಆಸ್ಪತ್ರೆಗಳಲ್ಲಿ ಅನೇಕವು ಹೀಗೆ ನಡೆಯುವಂಥವು. ದಾನವಾಗಿ ಕೊಟ್ಟ ಚಿಕಿತ್ಸೆಯಲ್ಲಿ ಎಚ್ಚರ ಕಡಿಮೆಯಿರಬಹುದೆಂದು ನಮ್ಮ ಧರ್ಮಭಗಿನಿಯರು ಯಾರೂ ಎಣಿಸಿದ್ದಿಲ್ಲ. ಆದ್ದರಿಂದ ಈ ನಿಯಮದಲ್ಲಿ ಅವರಿಗೆ ಹೊಸದೇನೂ ಇಲ್ಲ. ಆದರೆ ಹೆರುವವಳಿಗೆ ಏನೇನು ತಿಳಿಸಬೇಕೆಂಬ ವಿಚಾರದಲ್ಲಿ 2008ರ ಸಮೀರಾ ಕೊಹ್ಲಿ ತೀರ್ಪು ಹಳೆಯ ಬೋಲಂ ಅಳತೆಗೆ ಹತ್ತಿರವಾಗಿಯೇ ನಿಂತಿತು.

1996ರ ಆಗಸ್ಟಿನಲ್ಲಿ ಚೆನ್ನೈನ ಎಗ್ಮೋರ್ ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತನೆಯ ವಾರದಲ್ಲೇ ಹೆಣ್ಣುಮಗುವೊಂದು ಹುಟ್ಟಿತು. ತೂಕ 1,250 ಗ್ರಾಂ. ಇದು ಹೆರಿಗೆಯ ಪೆಟ್ಟಲ್ಲ, ಹುಟ್ಟಿದ ಕೂಡಲೇ ಆದ ಅಲಕ್ಷ್ಯ. ಅಂಥ ಎಳೆಗೂಸುಗಳ ಕಣ್ಣಿನ ರೆಟಿನಾ ಕೆಡುವ ಅಪಾಯವಿರುತ್ತದೆ. ಮೊದಲ ವಾರಗಳಲ್ಲೇ ಪರೀಕ್ಷಿಸಿದರೆ ಚಿಕಿತ್ಸೆ ಸಾಧ್ಯ. ಯಾರೂ ಪರೀಕ್ಷಿಸಲಿಲ್ಲ, ಹೆತ್ತವರಿಗೆ ಹೇಳಲೂ ಇಲ್ಲ. ಮಗು ಕುರುಡಾಯಿತು. ರಾಷ್ಟ್ರೀಯ ಗ್ರಾಹಕ ಆಯೋಗ 2009ರಲ್ಲಿ 5 ಲಕ್ಷ ರೂಪಾಯಿ ವಿಧಿಸಿತು. 2015ರ ಜುಲೈನಲ್ಲಿ ಸುಪ್ರೀಂ ಕೋರ್ಟು ಮುಂದಿನ ವೆಚ್ಚಕ್ಕೆಂದು 1.38 ಕೋಟಿಯನ್ನೂ ಆಗಲೇ ಆದ ವೆಚ್ಚಕ್ಕೆಂದು 42 ಲಕ್ಷಕ್ಕೂ ಮೇಲ್ಪಟ್ಟ ಮೊತ್ತವನ್ನೂ ಕೊಡಿಸಿತು. ಆಗ ಹುಡುಗಿಗೆ ಹತ್ತೊಂಬತ್ತು ಸಮೀಪಿಸಿತ್ತು. ಅಷ್ಟು ವರ್ಷ ದಣಿಯದೆ ಓಡಾಡಬಲ್ಲ ತಂದೆ ಎಷ್ಟು ಮಕ್ಕಳಿಗಿರುತ್ತಾನೆ?

ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಘೋರ ನಿರ್ಲಕ್ಷ್ಯವೇ ಇರಬೇಕು, ಮೊದಲು ಬೇರೊಬ್ಬ ಅರ್ಹ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು ಸುಪ್ರೀಂ ಕೋರ್ಟು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಹೇಳಿದೆ. ಆದರೂ 2022ರ ಮಾರ್ಚಿನಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಿಯೊಬ್ಬಳು ತೀರಿಕೊಂಡಾಗ ಜನ ಪ್ರತಿಭಟಿಸಿದರು, ಪೊಲೀಸರು ವೈದ್ಯೆಯ ಮೇಲೆ ಕೊಲೆ ಮೊಕದ್ದಮೆ ದಾಖಲಿಸಿದರು. ಆ ವೈದ್ಯೆ ತಮ್ಮ ಪ್ರಾಣವನ್ನೇ ಕಳೆದುಕೊಂಡರು. ಎರಡು ಮನೆಗಳ ಮಕ್ಕಳು ತಾಯಿಯಿಲ್ಲದವರಾದರು.

ಓದುಗರಲ್ಲಿ ಯಾರಿಗಾದರೂ ಅಗತ್ಯ ಬೀಳಬಹುದಾದ್ದರಿಂದ ಎರಡು ವಿಷಯ ಹೇಳುತ್ತೇನೆ. 2002ರ ವೈದ್ಯಕೀಯ ನಿಯಮಗಳಂತೆ, ರೋಗಿ ಅಥವಾ ಅವರ ಪರವಾಗಿ ಅಧಿಕಾರ ಪಡೆದವರು ಕೇಳಿದ 72 ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆಗಳನ್ನು ಕೊಡಬೇಕು. ಅವುಗಳನ್ನು ಮೂರು ವರ್ಷ ಕಾಪಾಡಬೇಕು. ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಸಾಮಾನ್ಯವಾಗಿ ಎರಡು ವರ್ಷಗಳ ಗಡುವಿದೆ. ಮಗು ಕತ್ತು ನಿಲ್ಲಿಸಲಿಲ್ಲ, ಕೂರಲಿಲ್ಲ ಎಂಬುದು ಸ್ಪಷ್ಟವಾಗುವ ಹೊತ್ತಿಗೇ ಒಂದು ವರ್ಷ ಕಳೆದಿರುತ್ತದೆ. ಆದ್ದರಿಂದ ದೂರು ಕೊಡುವ ಯೋಚನೆಯಿರಲಿ ಬಿಡಲಿ, ಕಾಗದಗಳನ್ನು ಮನೆಗೆ ಬರುವಾಗಲೇ ಕೇಳಿ ತರುವುದು ಒಳ್ಳೆಯದು.

ತಪ್ಪು ಯಾರದೆಂದು ಕೇಳದ ಬಾಗಿಲೊಂದು ನಮ್ಮ ದೇಶದಲ್ಲೂ ಇದೆ, ಚಿಕ್ಕದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯವುಳ್ಳವರಿಗಾಗಿ 1999ರಲ್ಲಿ ಸಂಸತ್ತು ರಾಷ್ಟ್ರೀಯ ನ್ಯಾಸ ಕಾಯಿದೆಯನ್ನು ಮಾಡಿತು. ಅದರಡಿ ‘ನಿರಾಮಯ’ ಎಂಬ ಆರೋಗ್ಯ ವಿಮೆಯಿದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವೆಚ್ಚಕ್ಕೆ ಅದು ಒದಗುತ್ತದೆ. ಜಪಾನಿನ ಮೊತ್ತದ ಮುಂದೆ ಇದು ಅತ್ಯಲ್ಪ. ಆದರೆ ಆ ಕಾಯಿದೆಯಲ್ಲಿ ಇನ್ನೊಂದು ಏರ್ಪಾಡಿದೆ. ಇಂಥ ಮಕ್ಕಳ ಹೆತ್ತವರನ್ನು ರಾತ್ರಿ ಎಚ್ಚರವಾಗಿಡುವ ಪ್ರಶ್ನೆ ಪರಿಹಾರದ ಮೊತ್ತದ್ದಲ್ಲ. ನಮ್ಮ ನಂತರ ಇದಕ್ಕೆ ಯಾರು ಎಂಬುದು. ಕಾಯಿದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿ ಅಂಥವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಆ ಸಮಿತಿಯಲ್ಲಿ ಜಿಲ್ಲಾಧಿಕಾರಿಯೊಡನೆ ನೋಂದಾಯಿತ ಸೇವಾಸಂಸ್ಥೆಯೊಂದರ ಪ್ರತಿನಿಧಿಯೂ ಅಂಗವಿಕಲರೊಬ್ಬರೂ ಇರುತ್ತಾರೆ. ಪೋಷಕರಾಗಲು ರಕ್ತಸಂಬಂಧಿಯೇ ಆಗಿರಬೇಕೆಂಬ ನಿಬಂಧನೆ ಇಲ್ಲ.